ಮೂಗು ಕಳೆದುಕೊಂಡ ಅಡುಗೆಮನೆ

ಹೋಟೆಲ್ಲಿಗೆ ಸಪ್ಲಾಯರ್ ಆಗಿ ಸೇರುವ ಹುಡುಗರು ಮೊದಲು ಒಂದು ಮಾತು ತಿಳಿದಿರಬೇಕು. ಗಿರಾಕಿ ಹೇಳುವುದನ್ನೆಲ್ಲ ಕೇಳಬೇಕು, ಯಾವುದನ್ನೂ ನಂಬಬಾರದು. "ಏನೂ ಬ್ಯಾಡಪಾ, ಬರೇ ಅರ್ಧ ಚಾ" ಅಂತ ಕೂತವನು ಎರಡು ಪ್ಲೇಟು ಮಿರ್ಚಿ ತಿಂದು ಏಳುತ್ತಾನೆ. "ಹೊಟ್ಟಿ ಖಾಲಿ ಐತಿ, ಏನೇನೈತಿ ಎಲ್ಲಾ ತಗೊಂಬಾ" ಅಂದವನು ಇಡ್ಲಿಯ ಅಂಚು ಮುರಿದು ಫೋನ್ ಹಿಡಿದು ಕೂಡುತ್ತಾನೆ. ನಾನು ಹನುಮಂತಪ್ಪ, ಜೀವಮಾನವಿಡೀ ಈ ಕೆಲಸ ಮಾಡಿದವನು, ಮೊದಲು ಕೊಪ್ಪಳದಲ್ಲಿ, ಆಮೇಲೆ ಗಂಗಾವತಿಯಲ್ಲಿ. ನನ್ನ ಮೊಣಕಾಲು ರಾಜೀನಾಮೆ ಕೊಟ್ಟಿತು, ಅದರ ಹಿಂದೆ ನಾನೂ ಕೊಟ್ಟೆ. ಈಗ ಮನೆಯಲ್ಲಿ ಊಟ ಮುಗಿದ ಮೇಲೆ ಹೆಂಡತಿಗೆ "ಮತ್ತೇನು ಕೊಡ್ಲಿರಿ?" ಅಂತ ಬಾಯಿತಪ್ಪಿ ಕೇಳಿ ಬೈಸಿಕೊಳ್ಳುತ್ತೇನೆ.

ಕೆಲಸ ಕಲಿತದ್ದು ಕೊಪ್ಪಳದಲ್ಲಿ, ಕೋರ್ಟಿನ ಹತ್ತಿರದ ಹೋಟೆಲ್ಲಿನಲ್ಲಿ. ಅಲ್ಲಿ ಹೆಡ್ ಸಪ್ಲಾಯರ್ ರಾಮಣ್ಣ ಅಂತ ಒಬ್ಬರಿದ್ದರು. ಒಂದು ದಿನ ಎದುರುಬದುರು ಕೂತಿದ್ದ ಇಬ್ಬರ ನಡುವೆ ನಾನು ಒಂದೇ ಪ್ಲೇಟು ಮಿರ್ಚಿ ಇಟ್ಟೆ. ಮುಖ ಒಂದೇ ತರಹ ಇತ್ತು, ಅಣ್ಣತಮ್ಮಂದಿರು, ಹಂಚಿಕೊಂಡು ತಿನ್ನುತ್ತಾರೆ ಅಂದುಕೊಂಡೆ. ಅಣ್ಣತಮ್ಮಂದಿರು ಹೌದು, ಆದರೆ ಹೊಲ ಹಂಚಿಕೊಳ್ಳಲು ಕೋರ್ಟಿಗೆ ಬಂದವರು! ಕಡೆಯ ಮಿರ್ಚಿ ಯಾರದು ಎಂಬ ಮಾತು ಎದ್ದು, ಹೊಲ ಬಿಟ್ಟು ಮಿರ್ಚಿಗೆ ಕೈಕೈ ಹತ್ತಿತು. ಬಿಡಿಸಲು ಅವರ ವಕೀಲರೇ ಓಡಿ ಬರಬೇಕಾಯಿತು. ರಾಮಣ್ಣ ನನ್ನ ಕಿವಿ ಹಿಂಡಿ ಹೇಳಿದರು, "ಮಂದಿ ಮುಖ ನೋಡಬ್ಯಾಡಲೇ, ತಾಟು ನೋಡು. ಮುಖ ಸುಳ್ಳು ಹೇಳತೈತಿ, ತಾಟು ಹೇಳಂಗಿಲ್ಲ."

ಅದು ಖರೇ ಮಾತು. ಎರಡನೇ ತುತ್ತಿಗೇ ನೀರು ಕೇಳಿದರೆ ಖಾರ ಜಾಸ್ತಿ. ಶೇಂಗಾ ಹಿಂಡಿಯನ್ನು, ಅಂದರೆ ಚಟ್ನಿಪುಡಿಯನ್ನು, ಮೇಲಿಂದ ಮೇಲೆ ಕೇಳಿದರೆ ಉಪ್ಪು ಕಡಿಮೆ. ತಾಟಿನ ಮೂಲೆಗೆ ಬೆಳ್ಳುಳ್ಳಿ ಸರಿಸಿಟ್ಟರೆ ಒಗ್ಗರಣೆ ಸೀದಿದೆ. ಬಾಯಿ ಮಾತ್ರ ಕೈ ತೊಳೆಯುವಾಗ "ಭಾಳ ಛಲೋ ಆಗಿತ್ತಪಾ" ಅನ್ನುತ್ತದೆ.

ಗಂಗಾವತಿಯ ಹೋಟೆಲ್ಲು ಬಸ್ ಸ್ಟ್ಯಾಂಡಿನ ಎದುರಿಗೆ. ಮಾಲೀಕರು ವೀರಣ್ಣ ಸಾವ್ಕಾರ್ರು ಗಲ್ಲಾಪೆಟ್ಟಿಗೆಯ ಮುಂದೆ, ಅಡುಗೆಯ ಬಸಯ್ಯನವರು ಒಲೆಯ ಮುಂದೆ, ನಾನು ಇಬ್ಬರ ನಡುವೆ. ಬಸಯ್ಯನವರು ಜಂಗಮರು. ಊರೆಲ್ಲ ಅವರನ್ನು ಅಯ್ಯನೋರು ಅನ್ನುತ್ತಿತ್ತು, ಸಾವ್ಕಾರ್ರೂ ಹಾಗೇ ಕರೆಯುತ್ತಿದ್ದರು. ಅವರ ಅಡುಗೆಮನೆಗೆ ಎರಡು ಕಾನೂನು. ಸಪ್ಲಾಯರ್ ಹೊಸ್ತಿಲು ದಾಟಬಾರದು, ಕಿಂಡಿಯಲ್ಲೇ ತಾಟು ಈಸಿಕೊಳ್ಳಬೇಕು. ಮತ್ತೆ, ಮಾಡಿದ್ದು ಮೊದಲು ಶಿವನ ಫೋಟೋದ ಮುಂದೆ, ಆಮೇಲೆ ಗಿರಾಕಿಗೆ. ಅಲ್ಲಿಯವರೆಗೆ ಒಳಗಿರುವ ಯಾರೂ ಅದನ್ನು ನಾಲಿಗೆಗೆ ಹಚ್ಚಬಾರದು. "ಗಿರಾಕಿಗೆ ಎಂಜಲಾ ಹಾಕಂತೀ ಏನಲೇ?" ಅನ್ನುತ್ತಿದ್ದರು. ಹಾಗಾದರೆ ರುಚಿ ತಿಳಿಯುವುದು ಹೇಗೆ? ಮೂಗಿನಿಂದ! ಬರೀ ಮೂಗಿನಿಂದ!

"ಅಲ್ರೀ ಅಯ್ಯನೋರ, ಉಪ್ಪಿಗೆ ವಾಸನಿ ಎಲ್ಲಿರತೈತ್ರಿ?" ಅಂತ ನಾನು ಕೆಣಕಿದ್ದೆ.

"ಉಪ್ಪಿಗಿಲ್ಲೋ ಹುಚ್ಚ್ಯಾ. ಉಪ್ಪು ಬಿದ್ದ ಸಾರಿಗೈತಿ."

ನನಗೆ ಇವತ್ತಿಗೂ ಅದು ತಿಳಿದಿಲ್ಲ. ಆದರೆ ಅವರ ಕೈಯ ಸಾರಿಗೆ ಉಪ್ಪು ತಪ್ಪಿದ್ದನ್ನು ಕಂಡವರಿಲ್ಲ, ಶೇಷಪ್ಪ ಮಾಸ್ತರರೊಬ್ಬರನ್ನು ಬಿಟ್ಟು.

ಈ ಮಾಸ್ತರರು ರಿಟೈರ್ಡ್ ಕನ್ನಡ ಸಾಲಿ ಮಾಸ್ತರು. ದಿನಾ ಬೆಳಿಗ್ಗೆ ಮೊದಲ ಗಿರಾಕಿ ಅವರೇ. ಮಂಡಾಳ ಒಗ್ಗರಣಿಯ, ಅಂದರೆ ಮಂಡಕ್ಕಿ ಒಗ್ಗರಣೆಯ, ಮೊದಲ ಚಮಚ ಬಾಯಿಗೆ ಹೋಗುತ್ತಲೇ ಹೆಸರಿಡಲು ಶುರು. "ಹಣಮ್ಯಾ, ನಿಂಬಿಹಣ್ಣು ನಿನ್ನೇದು. ಅರಿಶಿಣ ಕಣ್ಣಿಗೆ ಹಾಕ್ಯಾನ, ಬಾಯಿಗೆ ಹಾಕಿಲ್ಲ." ಕಿಂಡಿಯಿಂದ ಬಸಯ್ಯನವರ ಉತ್ತರ ಬರುತ್ತಿತ್ತು, "ಮಾಸ್ತರಗ ಹೇಳು, ಇದು ಪರೀಕ್ಷಾ ಪೇಪರ್ ಅಲ್ಲ, ನಾಷ್ಟಾ!" ಒಮ್ಮೆ ನಾನೇ ಕೇಳಿದೆ, "ಇಷ್ಟು ಹೆಸರಿಡೋದಾದ್ರ ಮನ್ಯಾಗ ತಿನ್ನಬಾರದೇನ್ರಿ ಮಾಸ್ತರ?" ಅವರು ಸುತ್ತ ನೋಡಿ ದನಿ ತಗ್ಗಿಸಿದರು, "ಮನ್ಯಾಗ ಹೆಸರಿಡಾಕ ಧೈರ್ಯ ಬೇಕೋ ತಮ್ಮಾ. ಅದಕ್ಕ ಇಲ್ಲಿ ಬರತೀನಿ."

ಹೀಗಿರುವಾಗ ಕೊರೋನಾ ಬಂತು, ಷಟರ್ ಬಿತ್ತು. ಆ ದಿನಗಳನ್ನು ಬರೆಯುವುದಿಲ್ಲ, ಎಲ್ಲರ ಮನೆಯದೂ ಅದೇ ಕತೆ. ಬಸಯ್ಯನವರು ಜಡ್ಡಾಗಿ ಮಲಗಿ ಎದ್ದರು ಅಂತ ಸುದ್ದಿ ಬಂದಿತ್ತು, ಅಷ್ಟೇ.

ಹೋಟೆಲ್ಲು ಮತ್ತೆ ತೆರೆದಾಗ ಒಳಗೆ ಸಾವ್ಕಾರರ ಅಳಿಯ ಕಿರಣ ಇದ್ದ. ಟೇಬಲ್ಲಿಗೆಲ್ಲ ಅಡ್ಡಪಟ್ಟಿ ಅಂಟಿಸಿದ್ದ. ಬಾಗಿಲಲ್ಲಿ ಸ್ಯಾನಿಟೈಸರ್. ಮೆನು ಬೋರ್ಡು ತೆಗೆದು ಪ್ರತಿ ಟೇಬಲ್ಲಿಗೂ ಒಂದು ಕಪ್ಪು ಚೌಕದ ಚೀಟಿ, ಅದನ್ನು ಫೋನಿಗೆ ತೋರಿಸಿದರೆ ಏನೇನಿದೆ ಅಂತ ಫೋನು ಹೇಳುತ್ತದಂತೆ. ಕುಷ್ಟಗಿಯಿಂದ ಬಂದ ಒಬ್ಬ ಹಿರಿಯರು ಅದನ್ನು ನೋಡಿ, "ಹಸಿವಾಗಿದ್ದು ನನಗೋ, ಫೋನಿಗೋ? ಏನೈತಿ ಬಾಯಿಲೆ ಹೇಳೋ ತಮ್ಮಾ" ಅಂದರು. ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಅಷ್ಟು ದಿನ ಮನೆಯಲ್ಲಿ ಯಾರಿಗೂ ಹೇಳದೆ ಗಂಟಲು ತುಕ್ಕು ಹಿಡಿದಿತ್ತು.

ಕಿರಣನ ಆಸೆ ಬೇರೆಯೇ ಇತ್ತು. ಹನುಮನಹಳ್ಳಿಗೆ ಹೋಗುವ ಟೂರಿಸ್ಟ್ ಮಂದಿ ಈ ಕಡೆಯೇ ಬರುತ್ತಾರೆ, ತಂದೂರಿ ಇಡೋಣ, ಹೈದರಾಬಾದ್ ಕಡೆಯ ಒಬ್ಬ ಅಡುಗೆಯವನು ತಯಾರಿದ್ದಾನೆ ಅಂತ. ಸಾವ್ಕಾರ್ರು ಎಲ್ಲರ ಮುಂದೆ ಹೇಳಿದರು, "ಅಯ್ಯನೋರ ಕೈಯಾಗ ರುಚಿ ಇರೋತನ ಈ ಒಲಿ ಮುಂದ ಇನ್ನೊಬ್ಬಾವ ನಿಂದ್ರಂಗಿಲ್ಲ. ರುಚಿ ತಪ್ಪಿತೋ, ಅವತ್ತ ನಿನ್ನ ಮನುಷ್ಯಾನ್ನ ಕರಸು." ಕಿಂಡಿಯಾಚೆ ಬಸಯ್ಯನವರು ಈರುಳ್ಳಿ ಹೆಚ್ಚುತ್ತಿದ್ದರು, ತಲೆ ಎತ್ತಲಿಲ್ಲ.

ಮೊದಲ ದಿನವೇ ಬೆಳ್ಳುಳ್ಳಿ ಸೀದು ಕರ್ರಗಾಯಿತು. ಹೊಗೆ ಕಿಂಡಿಯಿಂದ ಹೊರಗೆ ಬಂದು ನನ್ನ ಮೂಗಿಗೆ ಬಡಿಯಿತು, ಮಾಸ್ಕಿನ ಒಳಗೂ ಬಡಿಯಿತು. ಒಲೆಯ ಮುಂದೇ ನಿಂತಿದ್ದ ಬಸಯ್ಯನವರು ಶಾಂತವಾಗಿ ಸೌಟು ಆಡಿಸುತ್ತಿದ್ದರು. ಮೊದಲೆಲ್ಲ ಬೀದಿಯಲ್ಲಿ ನಿಂತೇ ವಾಸನೆ ಹಿಡಿದು "ಜೀರಗಿ ಇಳಸ್ರಲೇ!" ಅಂತ ಒದರುತ್ತಿದ್ದ ಮನುಷ್ಯ! ನಾನು ಸುಮ್ಮನಿರದೆ ಕಿಂಡಿಯ ಪಕ್ಕದಲ್ಲಿದ್ದ ಇಂಗಿನ ಡಬ್ಬಿ ತೆರೆದು ಕಿಂಡಿಯೊಳಗಿಂದ ಅವರ ಬೆನ್ನ ಹಿಂದೆ ಹಿಡಿದೆ. ಏನೂ ಇಲ್ಲ. ಇನ್ನೂ ಹತ್ತಿರ ಹಿಡಿದೆ. ಅವರು ತಿರುಗಿ ಡಬ್ಬಿ ನೋಡಿದರು, ನನ್ನನ್ನು ನೋಡಿದರು. ಅವರ ಕಣ್ಣು ತುಂಬಿ ಬಂತು.

"ಜಡ್ಡಿನ್ಯಾಗ ಹೋದದ್ದು ತಿರುಗಿ ಬರವಲ್ದೋ ಹಣಮ್ಯಾ. ಏನೂ ಗೊತ್ತಾಗವಲ್ದು. ಸಾವ್ಕಾರಗ ಹೇಳಬ್ಯಾಡ. ಈ ಒಲಿ ಬಿಟ್ರ ನನಗ ಬ್ಯಾರೆ ಏನು ಬರತೈತಿ?"

ಇಬ್ಬರೂ ಅಷ್ಟು ವರ್ಷ ಬೈದಾಡಿಕೊಂಡೇ ಬದುಕಿದವರು. "ನಾಲಿಗಿಗೆ ಒಂದ್ ಹನಿ ಹಚ್ಚಿ ನೋಡ್ರಲ್ಲ, ಶಿವ ಏನೂ ಅನ್ನಂಗಿಲ್ಲ" ಅಂದೆ. ಸೌಟು ಎತ್ತಿದರು, ಅಡುಗೆಗಲ್ಲ, ನನಗೆ. ಆಯಿತು, ಎಂಜಲು ಮಾಡುವುದಿಲ್ಲ. ಹಾಗಾದರೆ ಮೊದಲ ಗಿರಾಕಿಯೇ ನಮ್ಮ ನಾಲಿಗೆ. ಮೊದಲ ಗಿರಾಕಿ ಯಾರು? ಊರಿಗೇ ಹೆಸರಿಡುವ ಶೇಷಪ್ಪ ಮಾಸ್ತರು. ಅದಕ್ಕಿಂತ ಒಳ್ಳೆಯ ನಾಲಿಗೆ ಜಿಲ್ಲೆಯಲ್ಲಿ ಎಲ್ಲಿದೆ?

ಸುದ್ದಿ ಒಳಗೆ ಮುಟ್ಟಿಸಲು ಒಂದು ಉಪಾಯ ಮಾಡಿದೆ. ಆರ್ಡರು ಒದರುವುದು ನಮ್ಮ ಪದ್ಧತಿ, ಅದರ ಬಾಲಕ್ಕೆ ಊರಿನ ಹೆಸರು ಕಟ್ಟಿದೆ. "ಕುಷ್ಟಗಿ" ಅಂದರೆ ಉಪ್ಪು ಕಡಿಮೆ. "ಯಲಬುರ್ಗಾ" ಅಂದರೆ ಖಾರ ಜಾಸ್ತಿ. "ಕೊಪ್ಪಳ" ಅಂದರೆ ಎಲ್ಲ ಸರಿ, ಬಿಡಿ ಗಾಡಿ.

ಮರುದಿನ ಮಾಸ್ತರರು ಬಂದರು. ಮೊದಲ ಚಮಚ ಬಾಯಿಗೆ ಹೋಯಿತು. ನಾನು ಉಸಿರು ಬಿಗಿಹಿಡಿದು ನಿಂತೆ.

"ಭಾಳ ಛಲೋ ಐತಿ" ಅಂದರು.

ನನಗೆ ನಿಂತ ನೆಲ ಕುಸಿಯಿತು. ಮಾಸ್ತರರು ಹೊಗಳುವುದೇ? ಬಹುಶಃ ಹೋಟೆಲ್ ತೆರೆದ ಖುಷಿ ಅಂದುಕೊಂಡೆ. ಯಾಕೆಂದರೆ ಆಗ ಎಲ್ಲರೂ ಹಾಗೇ ಇದ್ದರು. ಗಿಣಿಗೇರಾದ ಫ್ಯಾಕ್ಟರಿ ಹುಡುಗರು ಬೈಕಿನ ಮೇಲೆ ಬಂದು, ಸೀದ ಬೆಳ್ಳುಳ್ಳಿಯನ್ನೂ ಕಟಕಟ ಅಗಿದು, "ಅಣ್ಣಾ, ಏನ್ ಟೇಸ್ಟ್!" ಅಂದು ಫೋಟೋ ಹೊಡೆದುಕೊಂಡು ಹೋದರು. ಮನೆಯ ಅನ್ನ ತಿಂದು ಬೇಸತ್ತ ಮಂದಿಗೆ ಹೋಟೆಲ್ಲಿನ ನೀರೂ ರುಚಿ. ಸಪ್ಲಾಯರ್ ಆದವನಿಗೆ ಬೈಯುವ ಗಿರಾಕಿಯಿಂದ ಭಯವಿಲ್ಲ, ಸುಮ್ಮಸುಮ್ಮನೆ ಹೊಗಳುವವನಿಂದ ಭಯ.

ನಾನು ಮಾಸ್ತರರನ್ನು ಕೆಣಕಲು ನೋಡಿದೆ. "ಮಾಸ್ತರ, ಒಗ್ಗರಣಿ ಸರಿ ಇಲ್ಲ ಅಂತ ಮಂದಿ ಅನ್ನಾಕತ್ತಾರ್ರಿ."

"ಯಾವಾವ ಅಂದಾವ? ಕರಕೊಂಬಾ ಅವನ್ನ, ಕಿವಿ ಹಿಂಡತೀನಿ!"

"ಅಲ್ರೀ, ಉಪ್ಪು ಒಂದ್ ಚೂರು..."

"ಉಪ್ಪು ಸರಿ ಐತಿ. ಬಸಯ್ಯನ ಕೈ ಬಂಗಾರದ ಕೈ ಅಂತ ಹೇಳು ಹೋಗು."

ಕಿಂಡಿಯಾಚೆ ಬಸಯ್ಯನವರು ಎದೆ ಮುಟ್ಟಿಕೊಂಡರು. ಅಷ್ಟು ವರ್ಷದಲ್ಲಿ ಮಾಸ್ತರರಿಂದ ಅವರಿಗೆ ಸಿಕ್ಕ ಮೊದಲ ಹೊಗಳಿಕೆ ಅದು, ಅದೂ ಇಂಥ ಹೊತ್ತಿನಲ್ಲಿ.

ಕೊನೆಗೆ ನಾನು ತಾಟುಗಳನ್ನೇ ನಂಬಿದೆ. ಯಾರು ನೀರು ಕೇಳಿದರು, ಯಾರು ಹಿಂಡಿ ಕೇಳಿದರು ನೋಡಿ ಒದರತೊಡಗಿದೆ. ಒಂದು ಮುಂಜಾನೆ ಉಪ್ಪು ಬಹಳ ಕಡಿಮೆಯಾಗಿ, "ಒಂದ್ ಒಗ್ಗರಣಿ ಕುಷ್ಟಗಿ! ಕುಷ್ಟಗಿ! ಕುಷ್ಟಗಿ!" ಅಂತ ಗಂಟಲು ಹರಿದುಕೊಂಡೆ. ಮೂಲೆ ಟೇಬಲ್ಲಿನ ಗಂಡಹೆಂಡತಿ ತಿನ್ನುವುದನ್ನು ಬಿಟ್ಟು, ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದರು. ಬಸ್ಸೂ ಇಲ್ಲ, ಕಂಡಕ್ಟರನೂ ಇಲ್ಲ. ತಿರುಗಿ ಬಂದು ನನ್ನನ್ನು ಹಿಡಿದುಕೊಂಡರು. ಅವರಿಗೆ ಹೊಸ ಪ್ಲೇಟು, ಮೇಲೆ ಎರಡು ಮಿರ್ಚಿ ಕೊಟ್ಟು ಸಮಾಧಾನ ಮಾಡಿದೆ. ಸಾವ್ಕಾರ್ರು ಗಲ್ಲಾಪೆಟ್ಟಿಗೆಯಿಂದಲೇ ಗುರುಗುಟ್ಟಿದರು, "ಹಣಮ್ಯಾ, ಹೋಟೆಲ್ ನಡಸಾಕತ್ತೀಯೋ, ಡಿಪೋ ನಡಸಾಕತ್ತೀಯೋ?"

ಹೀಗೆ ಎಷ್ಟು ದಿನ ನಡೆದೀತು? ಒಂದು ದಿನ ಸಾವ್ಕಾರ್ರು ಅಕ್ಕಿ ಗಿರಣಿಯ ಮಾಲೀಕರನ್ನೆಲ್ಲ ಮಧ್ಯಾಹ್ನದ ಊಟಕ್ಕೆ ಕರೆದರು, ಜೋಳದ ರೊಟ್ಟಿ, ಬದನಿಕಾಯಿ ಎಣ್ಣಿಗಾಯಿ, ಗೋಧಿ ಹುಗ್ಗಿ. ಹೋಟೆಲ್ಲು ಮೊದಲಿನಂತೆಯೇ ಇದೆ ಅಂತ ಊರಿಗೆ ಗೊತ್ತಾಗಬೇಕಿತ್ತು. ಅಳಿಯನಿಗೆ ಎಲ್ಲರೂ ಕೇಳುವಂತೆ ಹೇಳಿದರು, "ಇವತ್ತು ಇವರು ಉಂಡು ಒಪ್ಪಿದ್ರ ತಂದೂರಿ ಮಾತು ಮುಗೀತು. ಒಪ್ಪದಿದ್ರ ನೀನು ಫೋನ್ ಹಚ್ಚು." ಕಿರಣ ಫೋನನ್ನು ಕೈಯಲ್ಲೇ ಹಿಡಿದುಕೊಂಡು ನಿಂತ.

ನಾನು ಮಾಸ್ತರರ ಮನೆಗೆ ಹೋಗಿ ಕೈ ಹಿಡಿದು ಕರೆತಂದೆ. ದೇವರ ಮುಂದೆ ಇಟ್ಟ ಮೇಲೆ ಮೊದಲ ತಾಟು ಅವರಿಗೇ. "ಮಾಸ್ತರ, ಇವತ್ತು ಮಾತ್ರ ಖರೇ ಹೇಳ್ರಿ, ನಿಮ್ಮ ಕಾಲು ಮುಗೀತೀನಿ" ಅಂದೆ. ಅವರು ರೊಟ್ಟಿ ಮುರಿದು ಎಣ್ಣಿಗಾಯಿಗೆ ಅದ್ದಿ ತಿಂದರು. ಇನ್ನೊಂದು ತುತ್ತು. ತಲೆದೂಗಿದರು. "ಏನು ರುಚಿ ಮಾಡ್ಯಾನೋ! ಹಾಕು ಇನ್ನಷ್ಟು." ನಾನು ಕಿಂಡಿಗೆ ಬಾಯಿಟ್ಟು "ಕೊಪ್ಪಳ!" ಅಂತ ಒದರಿದೆ.

ಗಿರಣಿ ಮಾಲೀಕರ ಪಂಕ್ತಿಗೆ ಬಡಿಸಿದೆ. ಮೊದಲ ತುತ್ತಿಗೇ ಎಲ್ಲರ ಮುಖ ಹುಣಸೆಹಣ್ಣು ತಿಂದಂತಾಯಿತು. ಉಪ್ಪು! ಗಾಬರಿಯಲ್ಲಿ ಬಸಯ್ಯನವರು ಎರಡು ಸಲ ಹಾಕಿದ್ದರು. ಸಾವ್ಕಾರ್ರು ತುತ್ತನ್ನು ಕೈಗೆ ಉಗುಳಿಕೊಂಡು ಆಚೆ ನೋಡಿದರೆ, ಮಾಸ್ತರರು ಅದೇ ಎಣ್ಣಿಗಾಯಿಯ ಕಡೆಯ ಎಣ್ಣೆಯನ್ನೂ ರೊಟ್ಟಿಯಲ್ಲಿ ಒರೆಸಿ ತಿನ್ನುತ್ತಿದ್ದಾರೆ.

"ಮಾಸ್ತರ, ಉಪ್ಪು ಹತ್ತವಲ್ದೇನ್ರಿ ನಿಮಗ?"

ಮಾಸ್ತರರ ಕೈ ನಿಂತಿತು. "ನನಗೇನೂ ಹತ್ತಂಗಿಲ್ಲ ವೀರಣ್ಣ. ಜಡ್ಡು ಬಂದು ಹೋದಾಗಿಂದ ಬಾಯಾಗ ಮಣ್ಣಿಟ್ರೂ ಒಂದೇ, ಹುಗ್ಗಿ ಇಟ್ರೂ ಒಂದೇ. ಹೆಸರಿಡೋದು ಬಿಟ್ಟು ಎಲ್ಲಾ ಛಲೋ ಛಲೋ ಅಂತ ಹೊಂಟೀನಿ. ಮನ್ಯಾಗೂ ಹಂಗ ಅಂದೆ, ಹೆಂಡತಿ ನನ್ನ ಮ್ಯಾಲೆ ಅನುಮಾನ ಪಟ್ಟಾಳ."

ಅಯ್ಯೋ ಶಿವನೇ! ಮೂಗಿಲ್ಲದವನ ಅಡುಗೆಗೆ ನಾನು ನಾಲಿಗೆಯಿಲ್ಲದವನನ್ನು ಪರೀಕ್ಷೆಗೆ ಕೂಡಿಸಿದ್ದೆ! ಆ ಗಳಿಗೆಯಲ್ಲೂ ನನಗೆ ನಗು ಬಂತು. ಕಿರಣ ಫೋನಿನಲ್ಲಿ ಹೆಸರು ಹುಡುಕುತ್ತಿದ್ದ.

ಸಪ್ಲಾಯರನ ಕೆಲಸ ತಾಟು ಒಯ್ಯುವುದಷ್ಟೇ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾನು ಗಟ್ಟಿ ಮೊಸರಿನ ಪಾತ್ರೆ, ಬಿಸಿ ಅನ್ನದ ಬೋಗುಣಿ ಹಿಡಿದು ಪಂಕ್ತಿಯೊಳಗೆ ಹಾರಿದೆ. "ತಡೀರಿ ತಡೀರಿ, ಹಂಗ ತಿನ್ನಬಾರದ್ರಿ ಅದನ್ನ! ಇದು ಯಲಬುರ್ಗಾ ಕಡೆ ಮದ್ವಿ ಎಣ್ಣಿಗಾಯಿ. ಬಿಸಿ ಅನ್ನಕ್ಕ ಗಟ್ಟಿ ಮೊಸರು ಕಲಿಸಿ, ಇದನ್ನ ಉಪ್ಪಿನಕಾಯಿ ಹಂಗ ಹಚ್ಚಿಗೊಂಡು ಉಣಬೇಕ್ರಿ."

ಒಬ್ಬರು ಕಣ್ಣು ಕಿರಿದು ಮಾಡಿದರು. "ನಾನು ಯಲಬುರ್ಗಾದವನ ಅದೀನಿ. ನಮ್ಮೂರಾಗ ಹಿಂಗ ಮಾಡಂಗಿಲ್ಲಲ್ಲೋ?"

"ನಿಮ್ಮ ಓಣ್ಯಾಗ ಮಾಡಂಗಿಲ್ರಿ" ಅಂದೆ.

ಪಂಕ್ತಿ ನಕ್ಕಿತು. ನಗುತ್ತ ಮೊಸರನ್ನ ಕಲಸಿದರು, ಎಣ್ಣಿಗಾಯಿ ಹಚ್ಚಿಕೊಂಡರು. ತಾಟುಗಳನ್ನು ನೋಡುತ್ತ ನಿಂತೆ. ಅನ್ನ ಖಾಲಿಯಾಯಿತು, ಮತ್ತೆ ಅನ್ನ ಕೇಳಿದರು. ಯಲಬುರ್ಗಾದವರೇ ಮೊದಲು ಕೇಳಿದರು.

ಸಾವ್ಕಾರ್ರು ನಗಲಿಲ್ಲ. ಎದ್ದು ನೆಟ್ಟಗೆ ಅಡುಗೆಮನೆಗೆ ನಡೆದರು, ಹಿಂದೆ ಅಳಿಯ. ನಾನು ಕಿಂಡಿಯಲ್ಲಿ ತಲೆ ಹಾಕಿದೆ. ಬಸಯ್ಯನವರು ಆಗಲೇ ಹೆಗಲ ಮೇಲಿನ ವಸ್ತ್ರ ಮಡಚಿ ಇಟ್ಟು, ಸೌಟನ್ನು ಅದರ ಮೇಲೆ ಇಟ್ಟಿದ್ದರು.

"ವೀರಣ್ಣ, ನನ್ನ ಮೂಗು ಹೋಗೇತಿ. ಇಷ್ಟು ದಿನ ಹಣಮ್ಯಾ ಮುಚ್ಚಿಟ್ಟ. ಅವನ ತಪ್ಪಿಲ್ಲ, ನಾನ ಹೇಳಬ್ಯಾಡ ಅಂದಿದ್ದೆ. ಬ್ಯಾರೆಯವನ್ನ ಕರಸು, ನಾ ಹೋಗತೀನಿ."

ಸಾವ್ಕಾರ್ರಿಗೆ ಬಂದ ಸಿಟ್ಟು ನೋಡಬೇಕಿತ್ತು. "ನಡಾ ಹಿಡಕೊಂಡ್ರ ಹೇಳತೀರಿ, ಹಲ್ಲು ನೋವಾದ್ರ ಊರಿಗೆಲ್ಲಾ ಹೇಳತೀರಿ, ಮೂಗು ಹೋದ್ರ ನನಗ ಹೇಳಂಗಿಲ್ಲ? ನಾನೇನು ಪರಕೀಯ ಏನ್ರಿ ಅಯ್ಯನೋರ?" ಮಡಚಿಟ್ಟ ವಸ್ತ್ರದ ಮೇಲಿನ ಸೌಟಿನ ಕಡೆ ಬೆರಳು ತೋರಿಸಿದರು. "ಕೈ ಐತೋ, ಅದೂ ಹೋತೋ?"

"ಕೈ ಐತಿ."

"ಹಂಗಾರ ಮೂಗು ಬ್ಯಾರೆ ಕಡಿಂದ ತರೋಣ. ಹಣಮ್ಯಾ, ನಾಳಿಯಿಂದ ನೀ ಒಳಗ ನಿಂದ್ರು. ವಾಸನಿ ನೋಡಿ ಅಯ್ಯನೋರಿಗೆ ಹೇಳೋದು ನಿನ್ನ ಕೆಲಸ. ಕಿರಣ, ಫೋನ್ ಕಿಸೇದಾಗ ಇಡು."

ಹೀಗೆ ಜೀವಮಾನದಲ್ಲಿ ಮೊದಲ ಬಾರಿಗೆ ನಾನು ಆ ಹೊಸ್ತಿಲು ದಾಟಿದೆ. ಬಸಯ್ಯನವರು ನನ್ನನ್ನು ಬೆಕ್ಕು ಒಳಗೆ ಬಂದಂತೆ ನೋಡಿದರು. ಕಾಲು ತೊಳಿ, ಕೈ ತೊಳಿ, ಅದನ್ನು ಮುಟ್ಟಬೇಡ, ಇದಕ್ಕೆ ತಾಗಬೇಡ.

"ಈಗ ಹೆಂಗೈತಿ ವಾಸನಿ?"

"ಘಮ್ ಅನ್ನಾಕತ್ತೈತ್ರಿ."

"ಘಮ್ ಅಂದ್ರ? ಮಲ್ಲಿಗಿನೂ ಘಮ್ ಅನ್ನತೈತಿ, ಮದುಮಗಳೂ ಘಮ್ ಅಂತಾಳ! ನೆಟ್ಟಗ ಹೇಳು!"

ನೆಟ್ಟಗೆ ಹೇಳಲು ನನಗೆಲ್ಲಿ ಬರುತ್ತದೆ? ತಿಳಿದಂತೆ ಹೇಳತೊಡಗಿದೆ. "ನಮ್ಮವ್ವನ ಸೆರಗಿನ ವಾಸನಿ ಬರಾಕತ್ತೈತ್ರಿ" ಅಂದರೆ, "ಹಾಂ, ಮೆಂತ್ಯ ಆತು, ಇಳಸು" ಅನ್ನುವರು. "ಸಾಲಿ ಬಿಟ್ಟಾಗಿನ ಹಸಿವಿನ ವಾಸನಿ" ಅಂದರೆ, "ಬ್ಯಾಳಿ ಬೆಂದೈತಿ" ಅನ್ನುವರು. ನಾನು ಬೇಕೆಂದೇ ಒಂದೊಂದು ಸಲ ಕೀಟಲೆ ಮಾಡುತ್ತಿದ್ದೆ. "ಅಯ್ಯನೋರ, ಸಾವ್ಕಾರ್ರ ಅಳಿಯನ ಸೆಂಟಿನ ವಾಸನಿ ಬರತೈತಿ" ಅಂದಾಗ ಪಾತ್ರೆಯನ್ನೇ ಇಳಿಸಿಬಿಟ್ಟಿದ್ದರು. ನೋಡಿದರೆ ಕಿರಣ ಹಿಂದೆಯೇ ನಿಂತಿದ್ದ.

ಒಮ್ಮೆ ಮಾತ್ರ ಅನ್ನ ಬಸಿಯುತ್ತ, ಆವಿಯಲ್ಲಿ ಮುಖ ಇಟ್ಟುಕೊಂಡು, "ಅನ್ನದ ವಾಸನಿ ಹೆಂಗಿರತಿತ್ತು ಅನ್ನೋದ ಮರತೀನೋ" ಅಂದರು. ಅವತ್ತು ಮನೆಗೆ ಹೋಗಿ ಉಣ್ಣಲು ಕೂತಾಗ ಬಹಳ ದುಃಖವಾಯಿತು.

ನಿಮಗೆ ಹೇಳುತ್ತೇನೆ ಹುಡುಗರೇ, ಈ ಕೆಲಸದಲ್ಲಿ ನನಗೆ ಸಿಕ್ಕ ಬಡ್ತಿ ಅದೊಂದೇ, ಕಿಂಡಿಯ ಆ ಕಡೆಯಿಂದ ಈ ಕಡೆಗೆ. ಹೊಸ ಹುಡುಗರು ಹೊರಗೆ ಸಪ್ಲೈ ಮಾಡತೊಡಗಿದರು. ಮಾಸ್ತರರು ರುಚಿಗೆ ಹೆಸರಿಡಲು ಆಗದೆ ಲೋಟ, ಬೆಂಚು, ಫ್ಯಾನಿಗೆ ಹೆಸರಿಡುತ್ತಿದ್ದರು. ನನ್ನ ಮೊಣಕಾಲು ಹಿಡಿಯತೊಡಗಿತ್ತು. ಈ ಮನುಷ್ಯನನ್ನು ಯಾರ ಮೂಗಿಗೆ ಬಿಟ್ಟು ಹೋಗಲಿ ಎಂಬುದೊಂದೇ ಚಿಂತೆ.

ಒಂದು ಮುಂಜಾನೆ ಬಸಯ್ಯನವರು ಎಣ್ಣೆ ಕಾಯಲು ಇಟ್ಟು ಕಡಲೆಹಿಟ್ಟು ಕಲಸುತ್ತಿದ್ದರು. ನಾನು ಎಂದಿನಂತೆ ಮಾಸ್ಕನ್ನು ಗದ್ದಕ್ಕೆ ಇಳಿಸಿ, ಒಲೆಯ ಮೇಲೆ ಬಗ್ಗಿ ಮೂಗು ಚಾಚಿದೆ. ಅವರು ಹಿಟ್ಟಿನ ಕೈಯಲ್ಲೇ ನನ್ನನ್ನು ಹಿಂದಕ್ಕೆ ನೂಕಿದರು.

"ಥೂ! ಆ ಮಾಸ್ಕು ಎಷ್ಟ ದಿನದ್ದಲೇ? ನಾರಾಕತ್ತೈತಿ! ಆಚೀಗೆ ಸರಿ!"

ನಾನು ಸರಿದೆ. ಆಮೇಲೆ ನಿಂತೆ. ಅವರೂ ನಿಂತರು, ಹಿಟ್ಟಿನ ಕೈ ಗಾಳಿಯಲ್ಲೇ ಇತ್ತು. ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಮಾಸ್ಕು ಬಿಚ್ಚಿ ಅವರ ಮುಂದೆ ಹಿಡಿದೆ. ಅವರು ಅದನ್ನು ಕಿತ್ತುಕೊಂಡು ಮೂಗಿಗೆ ಒತ್ತಿಕೊಂಡರು. ಬೆವರು, ತಂಬಾಕು, ಎಣ್ಣೆ, ಏನೇನಿತ್ತೋ ಆ ಬಟ್ಟೆಯಲ್ಲಿ. ಮತ್ತೆ ಮೂಸಿದರು. ಮತ್ತೊಮ್ಮೆ. ಕೆನ್ನೆಯ ಮೇಲಿಂದ ನೀರು ಇಳಿದು ಹಿಟ್ಟಿಗೆ ಬೀಳದಂತೆ ಮುಖ ಆಚೆ ತಿರುಗಿಸಿದರು.

"ಅಯ್ಯನೋರ," ಅಂದೆ.

ಅವರು ಮಾಸ್ಕನ್ನು ನನ್ನ ಎದೆಗೆ ಒಗೆದರು. "ನಿನಗೇನು ಇಲ್ಲಿ ಕೆಲಸ? ಸಪ್ಲಾಯರ್ ಆದಾವ ಅಡಗಿ ಮನ್ಯಾಗ ಯಾಕ ನಿಂತೀದಿ? ನಡಿ, ಹೊರಗ ನಡಿ!"

ನಾನು ಹೊಸ್ತಿಲು ದಾಟಿ ಹೊರಗೆ ಬಂದೆ.